ಅಮೆರಿಕವು ಎರಡು ನುಡಿಯ ನಾಡಾಗುವುದೆ?

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಬ್ಯಾಂಕಿಗೋ ಆಸ್ಪತ್ರೆಗೋ ಟೆಲಿಫೋನು ಮಾಡಿದವರಿಗೆ ಅನೇಕ ವೇಳೆ ಮೊದಲು ಕೇಳಿಬರುವುದು ಯಂತ್ರದ ಧ್ವನಿ. ಇಂಗ್ಲಿಷ್ ಬೇಕಾದವರು ಒಂದನ್ನು ಒತ್ತಬೇಕು, ಸ್ಪ್ಯಾನಿಷ್ ಬೇಕಾದವರು ಎರಡನ್ನು ಒತ್ತಬೇಕು ಎಂದು ಅದು ತಿಳಿಸುತ್ತದೆ. ಅಂಗಡಿಗಳ ಫಲಕಗಳಲ್ಲಿಯೂ ಎಷ್ಟೋ ಜಿಲ್ಲೆಗಳ ಮತಪತ್ರಗಳಲ್ಲಿಯೂ ಈ ಎರಡು ನುಡಿಗಳು ಪಕ್ಕಪಕ್ಕದಲ್ಲಿ ಕಾಣಿಸಿಕೊಳ್ಳುತ್ತವೆ. ಇದನ್ನು ಕಂಡು ಆ ದೇಶದವರಲ್ಲಿ ಕೆಲವರು, ಹೊರಗಿನಿಂದ ಬರುವವರ ನೂಕುನುಗ್ಗಲಿನಲ್ಲಿ ತಮ್ಮ ಇಂಗ್ಲಿಷ್ ನಾಡು ಇಬ್ಭಾಗವಾಗಿ ಹೋಗುವುದೆಂದು ಅಂಜುತ್ತಾರೆ. ಮತ್ತೆ ಕೆಲವರು, ಎರಡು ನುಡಿಗಳ ಸಂಪತ್ತು ತಮ್ಮ ದೇಶಕ್ಕೆ ಪ್ರಯಾಸವಿಲ್ಲದೆ ಒದಗಿಬರುವುದೆಂದು ಹಿಗ್ಗುತ್ತಾರೆ. ಅಂಜುವವರೂ ಹಿಗ್ಗುವವರೂ ಒಂದು ಮಾತನ್ನು ಮಾತ್ರ ಸಮನಾಗಿ ನಂಬಿರುವರು: ಜನ ಬಂದು ನೆಲಸಿದರೆ ಅವರ ಸಂಗಡ ಬಂದ ನುಡಿಯೂ ನೆಲಸುವುದು ಎಂಬುದೇ ಆ ನಂಬಿಕೆ. ಅದು ಎಷ್ಟರಮಟ್ಟಿಗೆ ನಿಜವೆಂಬುದನ್ನು ನಾವು ಇಲ್ಲಿ ವಿಚಾರಿಸಬೇಕೆಂದಿದ್ದೇವೆ. ವಿಷಯವು ದೂರದೇಶದ್ದಾದರೂ ಗೃಹಸ್ಥರಾದವರು ಗಮನಿಸತಕ್ಕದ್ದೇ ಆಗಿದೆ. ಅದೇಕೆಂಬುದು ಮುಂದೆ ತಿಳಿದುಬರುವುದು.

ಮೊದಲು ಮಾತಿನ ಅರ್ಥವನ್ನು ಗೊತ್ತುಮಾಡಿಕೊಳ್ಳಬೇಕು. "ಎರಡು ನುಡಿಯ ನಾಡು" ಎಂದಾಗ ಜನರು ಮೂರು ಬೇರೆಬೇರೆ ಸಂಗತಿಗಳನ್ನು ಒಂದೇ ಗಂಟಿನಲ್ಲಿ ಕಟ್ಟುವುದುಂಟು. ಸರ್ಕಾರವು ಎರಡು ನುಡಿಗಳಿಗೂ ಶಾಸನದಲ್ಲಿ ಸಮಾನವಾದ ಸ್ಥಾನವನ್ನು ಕೊಟ್ಟಿರುವುದು ಒಂದು. ದೇಶದಲ್ಲಿ ಎರಡು ನುಡಿಗಳು ಕಿವಿಗೆ ಬೀಳುತ್ತಿರುವುದು ಇನ್ನೊಂದು. ಪ್ರತಿಯೊಬ್ಬನೂ ಎರಡನ್ನೂ ಆಡಬಲ್ಲವನಾಗಿರುವುದು ಮೂರನೆಯದು. ಕೆನಡ ದೇಶವನ್ನು ನೋಡಿರಿ. ಅಲ್ಲಿ ೧೯೬೯ರ ಶಾಸನದಂತೆ ಇಂಗ್ಲಿಷ್ ಮತ್ತು ಫ್ರೆಂಚ್ ಎರಡೂ ರಾಜಭಾಷೆಗಳು. ಆದರೆ ೨೦೨೧ರ ಜನಗಣತಿಯಂತೆ ಎರಡರಲ್ಲಿಯೂ ಸಂಭಾಷಿಸಬಲ್ಲವರು ನೂರಕ್ಕೆ ೧೮ ಮಂದಿ ಮಾತ್ರ. ಶಾಸನದಲ್ಲಿ ಎರಡು ನುಡಿಗಳಿದ್ದ ಮಾತ್ರಕ್ಕೆ ಜನರ ನಾಲಗೆಯ ಮೇಲೆ ಎರಡು ಇರಬೇಕೆಂಬ ನಿಯಮವಿಲ್ಲ. ಇನ್ನೊಂದು ಸಂಗತಿಯನ್ನೂ ಮರೆಯಬಾರದು. ಕೆನಡಕ್ಕೆ ಎರಡು ನುಡಿಗಳು ಬಂದದ್ದು ಈಚಿನ ವಲಸೆಯಿಂದಲ್ಲ. ಮೊದಲಿನಿಂದ ತಮ್ಮ ತಮ್ಮ ನೆಲವನ್ನು ಹಿಡಿದು ನಿಂತಿದ್ದ ಎರಡು ಜನಾಂಗಗಳಿಂದ.

ಸಂಯುಕ್ತ ಸಂಸ್ಥಾನಗಳಲ್ಲಿ ಸ್ಪ್ಯಾನಿಷ್ ನುಡಿಯು ನಿನ್ನೆ ಮೊನ್ನೆ ಬಂದ ಅತಿಥಿಯೆಂದು ತಿಳಿಯುವುದೂ ಸರಿಯಲ್ಲ. ಸ್ಪೇನಿನವರು ಫ್ಲಾರಿಡದಲ್ಲಿ ಸೇಂಟ್ ಅಗಸ್ಟಿನ್ ಎಂಬ ಊರನ್ನು ಸ್ಥಾಪಿಸಿದುದು ೧೫೬೫ರಲ್ಲಿ. ಇಂಗ್ಲಿಷರು ಜೇಮ್ಸ್‌ಟೌನಿನಲ್ಲಿ ಬೀಡುಬಿಟ್ಟುದು ೧೬೦೭ರಲ್ಲಿ. ಲಾಸ್ ಏಂಜಲೀಸ್ ಎಂದರೆ ದೇವದೂತರು, ನೆವಾಡ ಎಂದರೆ ಹಿಮ ಹೊದ್ದದ್ದು, ಕೊಲರಾಡೊ ಎಂದರೆ ಕೆಂಪಗಿರುವುದು. ನಾಡಿನ ಹೆಸರುಗಳೇ ಹೀಗೆ ಹಳೆಯ ಒಡೆತನಕ್ಕೆ ಸಾಕ್ಷಿ ಹೇಳುತ್ತವೆ. ಮೆಕ್ಸಿಕೋ ದೇಶದೊಡನೆ ನಡೆದ ಯುದ್ಧವು ೧೮೪೮ರಲ್ಲಿ ಮುಗಿದಾಗ, ಗ್ವಾಡಲೂಪೆ ಹಿಡಾಲ್ಗೊ ಎಂಬ ಊರಿನಲ್ಲಿ ಆದ ಒಪ್ಪಂದದಂತೆ ಕ್ಯಾಲಿಫೋರ್ನಿಯ ಮೊದಲಾದ ವಿಸ್ತಾರವಾದ ಪ್ರದೇಶವು ಅಮೆರಿಕದವರ ವಶವಾಯಿತು. ಅಲ್ಲಿ ಮೊದಲೇ ಒಕ್ಕಲಾಗಿದ್ದ ಸ್ಪ್ಯಾನಿಷ್ ಮಾತಿನ ಜನ ಎಲ್ಲಿಂದಲೂ ಬರಲಿಲ್ಲ. ಗಡಿಯ ಗೆರೆಯೇ ಅವರನ್ನು ದಾಟಿಕೊಂಡು ಹೋಯಿತು. ಕ್ಯಾಲಿಫೋರ್ನಿಯದ ೧೮೪೯ರ ಸಂವಿಧಾನವು ಕಾಯಿದೆಗಳನ್ನು ಎರಡು ನುಡಿಗಳಲ್ಲಿಯೂ ಪ್ರಕಟಿಸಬೇಕೆಂದು ವಿಧಿಸಿತ್ತು. ಚಿನ್ನವನ್ನು ಅರಸಿ ಇಂಗ್ಲಿಷ್ ಮಾತಿನವರು ಸಾವಿರ ಸಾವಿರವಾಗಿ ಬಂದು ತುಂಬಿದ ಮೇಲೆ, ೧೮೭೯ರ ಸಂವಿಧಾನದಲ್ಲಿ ಆ ವಿಧಿ ಅಳಿಸಿಹೋಯಿತು.

ಹೊರಗಿನವರ ನುಡಿಯ ಭಯವೂ ಆ ದೇಶಕ್ಕೆ ಹೊಸದಲ್ಲ. ೧೭೫೧ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಎಂಬ ಮಹನೀಯನು ಜನಸಂಖ್ಯೆಯನ್ನು ಕುರಿತು ಬರೆದ ಪ್ರಬಂಧವೊಂದರಲ್ಲಿ, ಪೆನ್ಸಿಲ್ವೇನಿಯಕ್ಕೆ ಬಂದು ತುಂಬುತ್ತಿದ್ದ ಜರ್ಮನರು ಇಂಗ್ಲಿಷರಂತೆ ಆಗುವುದಕ್ಕೆ ಬದಲು ಇಂಗ್ಲಿಷರನ್ನೇ ಜರ್ಮನರನ್ನಾಗಿ ಮಾಡಿಬಿಡುವರೆಂದು ಕಳವಳಪಟ್ಟನು. ಅದಕ್ಕೆ ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಅದೇ ಜರ್ಮನರಿಗಾಗಿ ಅವರ ನುಡಿಯಲ್ಲಿ ವೃತ್ತಪತ್ರಿಕೆಯೊಂದನ್ನು ಅಚ್ಚುಹಾಕಿ ಮಾರಲು ಪ್ರಯತ್ನಿಸಿದವನೂ ಅವನೇ. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನರ ಸಂಖ್ಯೆ ಇನ್ನೂ ಬೆಳೆಯಿತು. ಅವರಿಗೆ ತಮ್ಮ ನುಡಿಯ ಪಾಠಶಾಲೆಗಳಿದ್ದುವು, ಪತ್ರಿಕೆಗಳಿದ್ದುವು, ಪ್ರಾರ್ಥನಾಮಂದಿರಗಳಿದ್ದುವು. ಇವರ ನುಡಿ ಇನ್ನೆಂದಿಗೂ ಕದಲದೆಂದು ಆಗ ನೋಡಿದವರಿಗೆ ತೋರಿದ್ದರೆ ಆಶ್ಚರ್ಯವೇನೂ ಇಲ್ಲ.

೧೯೧೭ರಲ್ಲಿ ಅಮೆರಿಕವು ಜರ್ಮನಿಯ ಮೇಲೆ ಯುದ್ಧಕ್ಕೆ ನಿಂತಿತು. ಜರ್ಮನರ ಊಟದ ಹುಳಿಹಿಡಿಸಿದ ಕೋಸಿಗೆ ಕೂಡ "ಸ್ವಾತಂತ್ರ್ಯದ ಕೋಸು" ಎಂದು ಹೊಸ ಹೆಸರನ್ನಿಟ್ಟರು. ನೆಬ್ರಾಸ್ಕ ಸಂಸ್ಥಾನವು ೧೯೧೯ರಲ್ಲಿ, ಎಂಟನೆಯ ತರಗತಿಯನ್ನು ಮುಗಿಸದ ಮಕ್ಕಳಿಗೆ ಪರಭಾಷೆಗಳನ್ನು ಕಲಿಸಕೂಡದೆಂದು ಕಾಯಿದೆ ಮಾಡಿತು. ಹತ್ತು ವರ್ಷದ ಹುಡುಗನೊಬ್ಬನಿಗೆ ಬೈಬಲಿನ ಕಥೆಯನ್ನು ಜರ್ಮನ್ ನುಡಿಯಲ್ಲಿ ಓದಿಸುತ್ತಿದ್ದ ಮೇಯರ್ ಎಂಬ ಉಪಾಧ್ಯಾಯರಿಗೆ ೨೫ ಡಾಲರ್ ದಂಡವಾಯಿತು. ಅವರು ಹಟಹಿಡಿದು ಮೇಲಿನ ನ್ಯಾಯಸ್ಥಾನಗಳಿಗೆ ಹೋದರು. ೧೯೨೩ರಲ್ಲಿ ದೇಶದ ಸರ್ವೋಚ್ಚ ನ್ಯಾಯಸ್ಥಾನವು ಆ ಕಾಯಿದೆಯನ್ನು ರದ್ದುಮಾಡಿತು. ನುಡಿಗೆ ಜಯ ದೊರೆಯಿತು. ಆದರೆ ಆ ಜಯವನ್ನು ಅನುಭವಿಸಲು ಮನೆಗಳಲ್ಲಿ ನುಡಿಯೇ ಕ್ಷೀಣಿಸುತ್ತಿತ್ತು. ಯುದ್ಧಕಾಲದ ದ್ವೇಷವು ಅದನ್ನು ತ್ವರೆಗೊಳಿಸಿತು, ನಿಜ. ಆದರೆ ಯುದ್ಧದ್ವೇಷಕ್ಕೆ ಗುರಿಯಾಗದಿದ್ದ ನಾರ್ವೆಯವರ ನುಡಿ, ಸ್ವೀಡನಿನವರ ನುಡಿ, ಪೋಲಂಡಿನವರ ನುಡಿಗಳೂ ಅದೇ ದಾರಿಯನ್ನು ಹಿಡಿದುದನ್ನು ನೋಡಿದರೆ, ಒಳಗಿನ ಕಾರಣವು ಬೇರೆಯಾಗಿದ್ದಿತೆಂದು ಒಪ್ಪಬೇಕಾಗುತ್ತದೆ.

ಇಲ್ಲಿ ಎದುರುಪಕ್ಷದವರ ವಾದವನ್ನು ನ್ಯಾಯವಾಗಿ ಕೇಳುವುದು ಧರ್ಮ. ಹಾರ್ವರ್ಡ್ ವಿಶ್ವವಿದ್ಯಾನಿಲಯದ ಪ್ರೊಫೆಸರ್ ಸ್ಯಾಮ್ಯುಯಲ್ ಹಂಟಿಂಗ್‌ಟನ್ನರು ೨೦೦೪ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಹಿಂದಿನ ವಲಸೆಗಳ ಅನುಭವವು ಸ್ಪ್ಯಾನಿಷಿಗೆ ಹೊಂದದೆಂದು ವಾದಿಸಿದರು. ಜರ್ಮನರು ಸಾಗರವನ್ನು ದಾಟಿ ಬಂದವರು. ಮೆಕ್ಸಿಕೋ ದೇಶವಾದರೋ ಬೇಲಿಯಾಚೆಯ ನೆರೆಮನೆ. ಹಿಂದೆ ಬಂದವರು ಹತ್ತು ನುಡಿಗಳವರು. ಈಗ ಬರುವವರಲ್ಲಿ ಅತ್ಯಧಿಕ ಭಾಗ ಒಂದೇ ನುಡಿಯವರು. ಹಿಂದಿನ ಪ್ರವಾಹವು ಬಂದು ನಿಂತಿತು; ಇದು ನಿಲ್ಲದೆ ಹರಿಯುತ್ತಿದೆ. ಅವರು ಗುಂಪಾಗಿ ಕೆಲವೇ ಪ್ರಾಂತಗಳಲ್ಲಿ ನೆಲಸುತ್ತಾರೆ, ಆ ಪ್ರಾಂತಗಳೂ ಪೂರ್ವದಲ್ಲಿ ಅವರವೇ ಆಗಿದ್ದುವು. ಆದಕಾರಣ ದೇಶವು ಎರಡು ನುಡಿಗಳಾಗಿ, ಎರಡು ಜನವಾಗಿ ಒಡೆಯಬಹುದೆಂಬುದು ಅವರ ಎಚ್ಚರಿಕೆ.

ಈ ವಾದಕ್ಕೆ ಆಧಾರಗಳಿಲ್ಲದೆ ಇಲ್ಲ. ೧೯೫೯ರಲ್ಲಿ ಕ್ಯೂಬಾ ದ್ವೀಪದ ಕ್ರಾಂತಿಯಾದ ಮೇಲೆ ಅಲ್ಲಿಂದ ಓಡಿಬಂದ ವರ್ತಕರೂ ವೈದ್ಯರೂ ವಕೀಲರೂ ಮಯಾಮಿ ನಗರವನ್ನು ಬೇರೆಯ ಊರನ್ನಾಗಿಯೇ ಮಾಡಿದರು. ೧೯೬೫ರ ಕಾಯಿದೆಯು ಯೂರೋಪಿನವರಿಗೆ ಅನುಕೂಲವಾಗಿದ್ದ ಹಳೆಯ ವಲಸೆಯ ಲೆಕ್ಕವನ್ನು ತೆಗೆದುಹಾಕಿತು. ಮೆಕ್ಸಿಕೋವಿನಿಂದಲೂ ಮಧ್ಯ ಅಮೆರಿಕದ ದೇಶಗಳಿಂದಲೂ ಜನರು ಹೊಲಗಳಿಗೆ, ಕಾರ್ಖಾನೆಗಳಿಗೆ, ಅಡಿಗೆಯ ಮನೆಗಳಿಗೆ ಕೆಲಸ ಹುಡುಕಿಕೊಂಡು ಬಂದರು. ೧೯೮೦ರಲ್ಲಿ ಮನೆಯಲ್ಲಿ ಸ್ಪ್ಯಾನಿಷ್ ಆಡುವವರು ಸುಮಾರು ೧ ಕೋಟಿ ೧೦ ಲಕ್ಷ ಮಂದಿ ಇದ್ದರು. ಈಗ ನಾಲ್ಕು ಕೋಟಿಗೂ ಮಿಕ್ಕಿ ಇರುವರು. ೨೦೨೦ರ ಜನಗಣತಿಯಲ್ಲಿ ೩೩ ಕೋಟಿ ಜನರ ಪೈಕಿ ೬ ಕೋಟಿ ೨೦ ಲಕ್ಷಕ್ಕೂ ಹೆಚ್ಚಿನವರು ಸ್ಪ್ಯಾನಿಷ್ ನಾಡುಗಳ ಮೂಲದವರೆಂದು ಬರೆಯಿಸಿಕೊಂಡರು. ಇವುಗಳನ್ನಷ್ಟೇ ಓದಿದವನು, ಇನ್ನು ಎರಡು ತಲೆಮಾರಿನಲ್ಲಿ ದೇಶವು ಎರಡು ನುಡಿಯದಾಗುವುದು ನಿಶ್ಚಯವೆಂದು ಹೇಳಿಯಾನು.

ಆದರೆ ಕೆರೆಯಲ್ಲಿ ನೀರು ತುಂಬಿರುವುದನ್ನು ನೋಡಿದವನು, ಹಳ್ಳದಿಂದ ಎಷ್ಟು ಬರುತ್ತಿದೆ, ತೂಬಿನಿಂದ ಎಷ್ಟು ಹೋಗುತ್ತಿದೆ ಎಂಬುದನ್ನೂ ವಿಚಾರಿಸಬೇಕು. ಮಳೆಗಾಲದಲ್ಲಿ ತೂಬನ್ನು ಪೂರ್ತಿಯಾಗಿ ತೆರೆದಿದ್ದರೂ ಕೆರೆ ತುಂಬಿಯೇ ಕಾಣುತ್ತದೆ. ಅಮೆರಿಕದ ಸ್ಪ್ಯಾನಿಷಿನ ಸ್ಥಿತಿ ಇದೇ. ಆಡುವವರ ಒಟ್ಟು ಸಂಖ್ಯೆ ಏರಿತು. ಆದರೆ ಆ ಮೂಲದ ಜನರಲ್ಲಿ ಮನೆಯಲ್ಲಿ ಸ್ಪ್ಯಾನಿಷ್ ಆಡುವವರ ಪ್ರಮಾಣವು ೨೦೦೦ದಲ್ಲಿ ನೂರಕ್ಕೆ ೭೮ ಇದ್ದುದು, ಎರಡು ದಶಕಗಳಲ್ಲಿ ಸುಮಾರು ೬೮ಕ್ಕೆ ಇಳಿಯಿತು. ಅದೇ ಕಾಲದಲ್ಲಿ ಇಂಗ್ಲಿಷನ್ನು ಚೆನ್ನಾಗಿ ಬಲ್ಲವರ ಪ್ರಮಾಣವು ನೂರಕ್ಕೆ ೫೯ರಿಂದ ೭೨ಕ್ಕೆ ಏರಿತು. ಮನೆಯಲ್ಲಿ ಸ್ಪ್ಯಾನಿಷ್ ಆಡುವ ನಾಲ್ಕು ಕೋಟಿ ಮಂದಿಯಲ್ಲಿಯೂ ಅರ್ಧಕ್ಕಿಂತ ಹೆಚ್ಚಿನವರು ತಮಗೆ ಇಂಗ್ಲಿಷ್ ಬಹಳ ಚೆನ್ನಾಗಿ ಬರುವುದೆಂದು ಹೇಳುತ್ತಾರೆ. ಈ ಮೂಲದವರಲ್ಲಿ ಮೂರರಲ್ಲಿ ಎರಡು ಪಾಲಿನವರು ಇಂದು ಅಮೆರಿಕದಲ್ಲಿಯೇ ಹುಟ್ಟಿದವರೆಂಬುದೂ ಗಮನಾರ್ಹ. ವಲಸೆ ಬಂದವರು ಕೆರೆಗೆ ಬರುವ ಹಳ್ಳ. ಅಲ್ಲಿ ಹುಟ್ಟಿದ ಮೊಮ್ಮಕ್ಕಳು ತೂಬು.

ಆ ತೂಬಿನಿಂದ ಹೊರಹೋಗುವ ಪ್ರಮಾಣವೂ ಅಲ್ಪವಲ್ಲ. ಪ್ಯೂ ಸಂಶೋಧನ ಸಂಸ್ಥೆಯು ೨೦೨೩ರಲ್ಲಿ ಪ್ರಕಟಿಸಿದ ವರದಿಯಂತೆ, ಮೂರನೆಯ ಅಥವಾ ಅದಕ್ಕೂ ಮುಂದಿನ ತಲೆಮಾರಿನವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಮಂದಿ ಸ್ಪ್ಯಾನಿಷಿನಲ್ಲಿ ಸರಾಗವಾಗಿ ಸಂಭಾಷಿಸಲಾರರು. ಕ್ಯೂಬಾದಲ್ಲಿ ಹುಟ್ಟಿದ ರೂಬೆನ್ ರುಂಬೌಟ್ ಎಂಬ ಸಮಾಜಶಾಸ್ತ್ರಜ್ಞರೂ ಡಗ್ಲಸ್ ಮ್ಯಾಸಿ, ಫ್ರಾಂಕ್ ಬೀನ್ ಎಂಬ ವಿದ್ವಾಂಸರೂ ಕೂಡಿ ೨೦೦೬ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯದ ಕುಟುಂಬಗಳನ್ನು ಕುರಿತು ಒಂದು ಪ್ರಬಂಧವನ್ನು ಬರೆದರು. ಮೆಕ್ಸಿಕೋದ ಗಡಿಗೆ ಅಂಟಿಕೊಂಡಿರುವ, ಸ್ಪ್ಯಾನಿಷ್ ಮಾತು ಬೀದಿಬೀದಿಯಲ್ಲಿ ಕೇಳುವ ಆ ಪ್ರಾಂತದಲ್ಲಿ ಕೂಡ, ಮನುಷ್ಯರಿಗೆ ಆಯುಸ್ಸಿನ ಲೆಕ್ಕವಿರುವಂತೆ ನುಡಿಗೂ ಲೆಕ್ಕಹಾಕಿ ನೋಡಿದರೆ, ಸ್ಪ್ಯಾನಿಷಿನ ಆಯುಸ್ಸು ಸುಮಾರು ಮೂರು ತಲೆಮಾರು ಎಂದು ಅವರು ಕಂಡರು. ನೆರೆಮನೆಯ ಸಾಮೀಪ್ಯವು ಅಂತ್ಯವನ್ನು ಸ್ವಲ್ಪ ಮುಂದಕ್ಕೆ ತಳ್ಳಿತೇ ಹೊರತು ತಪ್ಪಿಸಲಿಲ್ಲ.

ಇದು ಹೇಗೆ ನಡೆಯುವುದೆಂಬುದನ್ನು ಒಂದು ಮನೆಯ ಒಳಗೆ ನಿಂತು ನೋಡುವುದು ಲೇಸು. ಮೆಕ್ಸಿಕೋವಿನ ಗ್ವಾಡಲಹಾರದಿಂದ ಗಂಡಹೆಂಡಿರು ಲಾಸ್ ಏಂಜಲೀಸಿಗೆ ಬಂದರೆಂದು ಇಟ್ಟುಕೊಳ್ಳಿ. ಗಂಡನಿಗೆ ಕೆಲಸಕ್ಕೆ ಸಾಕಾಗುವಷ್ಟು ಇಂಗ್ಲಿಷ್ ಬರುತ್ತದೆ, ಹೆಂಡತಿಗೆ ಅಷ್ಟೂ ಬರುವುದಿಲ್ಲ. ಚೊಚ್ಚಲ ಮಗಳು ಐದು ವರ್ಷ ತಾಯಿಯ ಮಾತನ್ನೇ ಕೇಳಿ ಬೆಳೆದು ಪಾಠಶಾಲೆಗೆ ಹೋಗುತ್ತಾಳೆ. ಅಲ್ಲಿ ಒಂದೆರಡು ವರ್ಷಗಳಲ್ಲಿ ಇಂಗ್ಲಿಷ್ ಹಿಡಿಯುತ್ತದೆ. ತಮ್ಮ ಹುಟ್ಟುವ ಹೊತ್ತಿಗೆ ಅವಳು ಇಂಗ್ಲಿಷನ್ನು ಮನೆಗೆ ತಂದಾಗಿದೆ. ಅವನೊಡನೆ ಆಡುವಾಗ ಅದೇ ಬಾಯಿಗೆ ಬರುತ್ತದೆ. ಮೂರನೆಯ ಮಗುವಿಗಾದರೋ ತಾಯಿ ಸ್ಪ್ಯಾನಿಷಿನಲ್ಲಿ ಕೇಳಿದುದು ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಹೊರಡುತ್ತದೆ. ಒಂದೇ ತಾಯಿಯ ಮಕ್ಕಳಲ್ಲಿಯೇ ಹಿರಿಯಳಿಗೆ ಎರಡು ನುಡಿ, ಕಿರಿಯನಿಗೆ ಒಂದೂವರೆ ನುಡಿ! ಈ ಮೂವರೂ ಬೆಳೆದು ಮದುವೆಯಾಗುತ್ತಾರೆ. ಕೈಹಿಡಿದವರು ಬೇರೆ ಮೂಲದವರಾದರಂತೂ ಸರಿಯೇ ಸರಿ, ಒಂದೇ ಮೂಲದವರಾದರೂ ಇಬ್ಬರಿಗೂ ಸುಲಭವಾದ ನುಡಿ ಇಂಗ್ಲಿಷೇ ಆಗಿರುತ್ತದೆ. ಅವರ ಮಕ್ಕಳ ಬಾಯಲ್ಲಿ ಉಳಿಯುವುದು, ಅಜ್ಜಿಯನ್ನು ಕರೆಯುವ "ಅಬುವೇಲ" ಎಂಬ ಮಾತು, ನಾಲ್ಕು ತಿಂಡಿಗಳ ಹೆಸರು, ಒಂದು ಹಬ್ಬದ ಹಾಡು. ಇದರಲ್ಲಿ ಯಾವ ಸರ್ಕಾರದ ಬಲಾತ್ಕಾರವೂ ಇಲ್ಲ, ಯಾರ ದ್ರೋಹವೂ ಇಲ್ಲ. ದಿನದಿನದ ಸೌಕರ್ಯವೇ ಕೆಲಸವನ್ನು ಮುಗಿಸಿಬಿಡುತ್ತದೆ.

ಸೌಕರ್ಯದ ಜೊತೆಗೆ ಅವಮಾನವೂ ಸೇರಿಕೊಂಡ ಕಾಲವುಂಟು. ಟೆಕ್ಸಸ್ ಸಂಸ್ಥಾನದ ಮಾರ್ಫ ಎಂಬ ಸಣ್ಣ ಊರಿನಲ್ಲಿ ಮೆಕ್ಸಿಕೋ ಮೂಲದ ಮಕ್ಕಳಿಗೆಂದು ಬ್ಲ್ಯಾಕ್‌ವೆಲ್ ಎಂಬ ಪ್ರತ್ಯೇಕ ಪಾಠಶಾಲೆ ಇತ್ತು. ೧೯೫೪ರಲ್ಲಿ ಅಲ್ಲಿಯ ಮಕ್ಕಳಿಂದ ಚೀಟಿಗಳ ಮೇಲೆ ಸ್ಪ್ಯಾನಿಷ್ ಮಾತುಗಳನ್ನು ಬರೆಯಿಸಿ, ಆ ಚೀಟಿಗಳನ್ನು ಪೆಟ್ಟಿಗೆಯಲ್ಲಿ ಹಾಕಿಸಿ, ಧ್ವಜಸ್ತಂಭದ ಬಳಿ ಗುಂಡಿ ತೋಡಿ, "ಸ್ಪ್ಯಾನಿಷ್ ಮಹಾಶಯ"ನನ್ನು ಹೂಳುವ ಉತ್ತರಕ್ರಿಯೆಯನ್ನು ನಡೆಯಿಸಿದರು. ಆ ಮಕ್ಕಳು ಸಂಜೆ ಮನೆಗೆ ಹೋಗಿ ತಾಯಿಯೊಡನೆ ಯಾವ ನುಡಿಯಲ್ಲಿ ಮಾತನಾಡಬೇಕಾಗಿದ್ದಿತೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು. ಆ ಪ್ರಾಂತಗಳ ಬಹುಮಂದಿ ಪಾಠಶಾಲೆಯಲ್ಲಿ ತಮ್ಮ ನುಡಿಗಾಗಿ ಏಟುತಿಂದವರು. ಅಂಥವರಲ್ಲಿ ಎಷ್ಟೋ ಜನ ತಾವು ತಾಯಿತಂದೆಗಳಾದಾಗ, ಈ ಕಷ್ಟ ನಮ್ಮ ಮಕ್ಕಳಿಗೆ ಬೇಡವೆಂದು ಕನಿಕರದಿಂದಲೇ ಸ್ಪ್ಯಾನಿಷನ್ನು ಮನೆಯ ಹೊರಗಿಟ್ಟರು. ಮಾರ್ಫದ ಆ ಕಟ್ಟಡವು ಈಗ ರಾಷ್ಟ್ರೀಯ ಸ್ಮಾರಕವಾಗಿದೆ. ಅಲ್ಲಿ ಓದಿದವರು ೨೦೦೭ರಲ್ಲಿ ಸೇರಿ, ಹೂತದ್ದನ್ನು ಮೇಲಕ್ಕೆತ್ತಿದಂತೆ ಒಂದು ಆಚರಣೆಯನ್ನು ನಡೆಯಿಸಿದರು. ಸಂತೋಷವೇ, ಆದರೆ ಹೂಳುವುದಕ್ಕೆ ಒಂದು ದಿನ ಸಾಕಾಗಿದ್ದ ನುಡಿಯನ್ನು ಎಬ್ಬಿಸುವುದಕ್ಕೆ ಒಂದು ದಿನ ಸಾಲದು.

ಈಗ ಅವಮಾನವು ತಿರುಗಿ ಬೇರೆ ವೇಷದಲ್ಲಿ ಬಂದಿದೆ. ಸ್ಪ್ಯಾನಿಷಿನಲ್ಲಿ "ನನಗೆ ತಿಳಿಯದು" ಎಂಬುದಕ್ಕೆ "ನೋ ಸೇ" ಎನ್ನಬೇಕು. ಇತರ ಕ್ರಿಯಾಪದಗಳ ನಿಯಮವನ್ನು ಹಿಡಿದು ಮಗು "ನೋ ಸಾಬೊ" ಎಂದುಬಿಡುತ್ತದೆ. ಅಜ್ಜಿಯ ನುಡಿ ಬಾರದ ಮೊಮ್ಮಕ್ಕಳಿಗೆ "ನೋ ಸಾಬೊ" ಮಕ್ಕಳೆಂಬುದು ಈಗ ಬಂಧುಗಳೇ ಇಟ್ಟ ಹಾಸ್ಯದ ಹೆಸರು. ಮೇಲೆ ಹೇಳಿದ ವರದಿಯಂತೆ, ಸ್ಪ್ಯಾನಿಷ್ ಸರಿಯಾಗಿ ಬಾರದ ಈ ಮೂಲದವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ತಮ್ಮವರಿಂದಲೇ ಹೀಗೆ ನಾಚಿಕೆಪಡಬೇಕಾದ ಸಂದರ್ಭವುಂಟಾಗಿತ್ತೆಂದು ಹೇಳಿದರು. ಅಜ್ಜನನ್ನು ಸ್ಪ್ಯಾನಿಷ್ ಆಡಿದುದಕ್ಕಾಗಿ ಹೊಡೆದರು, ಮೊಮ್ಮಗನನ್ನು ಆಡದಿದ್ದುದಕ್ಕಾಗಿ ನಗುತ್ತಾರೆ. ಹೀಗಿರುವಲ್ಲಿ ಯಾವ ಮಗುವಿಗೆ ತಾನೆ ಬಾಯಿಬಿಡುವ ಧೈರ್ಯ ಬಂದೀತು?

ಹಾಗಾದರೆ ಶಾಸನದ ಕೈ ಎಲ್ಲಿಯವರೆಗೆ ಚಾಚಬಲ್ಲದು? ಸ್ಪ್ಯಾನಿಷಿಗೆ ಅನುಕೂಲವಾಗಿಯೂ ಪ್ರತಿಕೂಲವಾಗಿಯೂ ಅಲ್ಲಿ ಬೇಕಾದಷ್ಟು ಶಾಸನಗಳಾಗಿವೆ. ಇಂಗ್ಲಿಷ್ ಬಾರದ ಮಕ್ಕಳಿಗೆ ನೆರವಾಗಲು ೧೯೬೮ರಲ್ಲಿ ಕೇಂದ್ರ ಸರ್ಕಾರವು ದ್ವಿಭಾಷಾ ಶಿಕ್ಷಣದ ಕಾಯಿದೆಯನ್ನು ಮಾಡಿತು. ೧೯೭೫ರಲ್ಲಿ ಮತಪತ್ರಗಳು ಇತರ ನುಡಿಗಳಲ್ಲಿಯೂ ಬರುವಂತಾಯಿತು. ಇತ್ತ ೧೯೮೧ರಲ್ಲಿ ಸೆನೆಟರ್ ಹಯಕಾವ ಎಂಬವರು ಇಂಗ್ಲಿಷೇ ಅಧಿಕೃತ ಭಾಷೆಯೆಂದು ಸಂವಿಧಾನದಲ್ಲಿ ಸೇರಿಸಬೇಕೆಂದು ಸೂಚಿಸಿದರು. ಅವರು ಕೆನಡದಲ್ಲಿ ಜಪಾನೀ ತಾಯಿತಂದೆಗಳಿಗೆ ಹುಟ್ಟಿದವರು, ಭಾಷಾವಿದ್ವಾಂಸರು! ಅವರ ಸೂಚನೆ ಅಂಗೀಕೃತವಾಗಲಿಲ್ಲ. ಆದರೆ ಅನೇಕ ಸಂಸ್ಥಾನಗಳು ತಮ್ಮತಮ್ಮಲ್ಲಿ ಹಾಗೆ ವಿಧಿಸಿಕೊಂಡುವು. ಕ್ಯಾಲಿಫೋರ್ನಿಯದ ಮತದಾರರು ೧೯೯೮ರಲ್ಲಿ ದ್ವಿಭಾಷಾ ಶಿಕ್ಷಣವನ್ನು ಬಹುಮಟ್ಟಿಗೆ ತೆಗೆದುಹಾಕಿ, ೨೦೧೬ರಲ್ಲಿ ತಾವೇ ಅದಕ್ಕೆ ತಿರುಗಿ ಬಾಗಿಲನ್ನು ತೆರೆದರು. ೨೦೨೫ರ ಮಾರ್ಚ್ ೧ರಂದು ಅಧ್ಯಕ್ಷ ಟ್ರಂಪರು ಹೊರಡಿಸಿದ ಆಜ್ಞೆಯಿಂದ, ಕೇಂದ್ರ ಸರ್ಕಾರಕ್ಕೆ ಮೊಟ್ಟಮೊದಲ ಬಾರಿಗೆ ಇಂಗ್ಲಿಷ್ ಅಧಿಕೃತ ಭಾಷೆಯೆಂದು ಘೋಷಿತವಾಯಿತು. ಇಂಗ್ಲಿಷ್ ಬಾರದವರಿಗೆ ಅವರ ನುಡಿಯಲ್ಲಿ ಸಹಾಯ ದೊರಕಿಸಬೇಕೆಂದಿದ್ದ ೨೦೦೦ದ ಆಜ್ಞೆಯೂ ಆಗ ರದ್ದಾಯಿತು.

ಶಾಸನಗಳು ಹೀಗೆ ಉಯ್ಯಾಲೆಯಂತೆ ಆ ಕಡೆಗೂ ಈ ಕಡೆಗೂ ತೂಗಿದುವು. ಮಯಾಮಿಯಲ್ಲಿ ಇದು ಇನ್ನೂ ಸ್ಪಷ್ಟವಾಗಿ ಕಂಡಿತು. ಆ ಜಿಲ್ಲೆಯು ೧೯೭೩ರಲ್ಲಿ ತನ್ನನ್ನು ಎರಡು ನುಡಿಯ ಜಿಲ್ಲೆಯೆಂದು ಸಾರಿಕೊಂಡಿತು. ೧೯೮೦ರಲ್ಲಿ ಕ್ಯೂಬಾದ ಮರಿಯೆಲ್ ಬಂದರಿನಿಂದ ಸುಮಾರು ೧ ಲಕ್ಷ ೨೫ ಸಾವಿರ ಜನ ದೋಣಿಗಳಲ್ಲಿ ಬಂದಿಳಿದಾಗ, ಮತದಾರರು ರೇಗಿ, ಇಂಗ್ಲಿಷಲ್ಲದ ನುಡಿಗೆ ಜಿಲ್ಲೆಯ ಹಣವನ್ನು ವೆಚ್ಚಮಾಡಬಾರದೆಂದರು. ೧೯೯೩ರಲ್ಲಿ ಆ ನಿಷೇಧವೂ ಹೋಯಿತು. ನಿಷೇಧವಿದ್ದ ಆ ಹದಿಮೂರು ವರ್ಷಗಳಲ್ಲಿ ಮಯಾಮಿಯ ಸ್ಪ್ಯಾನಿಷ್ ಬತ್ತಿಹೋಗಲಿಲ್ಲ. ಸಾರಿಕೆಯಿದ್ದ ಕಾಲದಲ್ಲಿ ಅಲ್ಲಿಯ ಮಕ್ಕಳು ತಮ್ಮತಮ್ಮಲ್ಲಿ ಇಂಗ್ಲಿಷ್ ಆಡಿಕೊಳ್ಳುವುದೂ ನಿಲ್ಲಲಿಲ್ಲ.

ಪೋರ್ಟೊರೀಕೊ ದ್ವೀಪದ ದೃಷ್ಟಾಂತವು ಇದಕ್ಕಿಂತಲೂ ಬೋಧಪ್ರದವಾಗಿದೆ. ೧೮೯೮ರಲ್ಲಿ ಅದು ಸ್ಪೇನಿನಿಂದ ಅಮೆರಿಕದ ಕೈಗೆ ಬಂದಿತು. ೧೯೧೭ರಲ್ಲಿ ಅಲ್ಲಿಯ ಜನ ಅಮೆರಿಕದ ಪ್ರಜೆಗಳಾದರು. ಸುಮಾರು ಐವತ್ತು ವರ್ಷಗಳ ಕಾಲ ಪಾಠಶಾಲೆಗಳ ಮೂಲಕ ಇಂಗ್ಲಿಷನ್ನು ಅಲ್ಲಿ ಊರಿಸಲು ನಾನಾ ವಿಧವಾದ ಪ್ರಯತ್ನಗಳು ನಡೆದುವು. ಕಡೆಗೆ ೧೯೪೯ರ ಹೊತ್ತಿಗೆ ಪಾಠಗಳು ಸ್ಪ್ಯಾನಿಷಿಗೆ ಹಿಂದಿರುಗಿದುವು. ಇಂದಿಗೂ ಆ ದ್ವೀಪದ ಮನೆಮಾತು ಸ್ಪ್ಯಾನಿಷೇ. ಅದೇ ಸರ್ಕಾರ, ಅದೇ ಇಂಗ್ಲಿಷ್, ಅದೇ ಸ್ಪ್ಯಾನಿಷ್. ಆದರೂ ಲಾಸ್ ಏಂಜಲೀಸಿನಲ್ಲಿ ಮೂರು ತಲೆಮಾರಿಗೆ ಕರಗುವ ನುಡಿಯು ಇಲ್ಲಿ ಐವತ್ತು ವರ್ಷದ ಪಾಠಶಾಲೆಗೂ ಜಗ್ಗಲಿಲ್ಲ. ಏಕೆ? ಇಲ್ಲಿಯ ಮಗು ಪಾಠಶಾಲೆಯಿಂದ ಹೊರಗೆ ಬಂದರೆ ಬೀದಿ ಸ್ಪ್ಯಾನಿಷಿನದು, ಅಂಗಡಿ ಸ್ಪ್ಯಾನಿಷಿನದು, ಆಟ ಸ್ಪ್ಯಾನಿಷಿನದು, ಮದುವೆಯಾಗುವ ಹೆಣ್ಣುಗಂಡುಗಳೂ ಆ ನುಡಿಯವರೇ. ವಲಸೆ ಬಂದವರಿಗೆ ಈ ಸುತ್ತುಗೋಡೆಯಿಲ್ಲ. ಅವರ ನುಡಿಗೆ ಇರುವುದು ಮನೆಯ ನಾಲ್ಕು ಗೋಡೆ ಮಾತ್ರ.

ಇಷ್ಟನ್ನೂ ಕೂಡಿಸಿ ನೋಡಿ ನಮ್ಮ ಅಭಿಪ್ರಾಯವನ್ನು ಹೇಳುವೆವು. ವಲಸೆಯ ಬಲದಿಂದ ಮಾತ್ರವೇ ಅಮೆರಿಕವು ಕೆನಡದಂತೆ ಶಾಸನಬದ್ಧವಾದ ಎರಡು ನುಡಿಯ ದೇಶವಾಗುವ ಸೂಚನೆಗಳಿಲ್ಲ. ಮಯಾಮಿ, ಟೆಕ್ಸಸಿನ ಗಡಿಯ ಊರುಗಳು, ಲಾಸ್ ಏಂಜಲೀಸ್ ಮೊದಲಾದ ಸ್ಥಳಗಳಲ್ಲಿ, ಹೊಸಬರು ಬರುತ್ತಿರುವವರೆಗೆ ಎರಡು ನುಡಿಗಳು ಕೇಳುತ್ತಲೇ ಇರುವುವು. ಆದರೆ ಇಂದು ಅಲ್ಲಿ ಸ್ಪ್ಯಾನಿಷ್ ಆಡುವವರಲ್ಲಿ ಹೆಚ್ಚಿನವರು, ನೂರು ವರ್ಷದ ಹಿಂದೆ ಆಡುತ್ತಿದ್ದವರ ಮರಿಮಕ್ಕಳಲ್ಲ. ತಾವೋ ತಮ್ಮ ತಂದೆತಾಯಿಗಳೋ ಈಚೆಗೆ ಬಂದವರು. ಬರುವ ಹಳ್ಳವು ನಿಂತರೆ ಕೆರೆಯು ಒಂದೆರಡು ತಲೆಮಾರಿನಲ್ಲಿ ಇಳಿಯುವುದು. ಇಂಗ್ಲಿಷಿಗೆ ಇದರಿಂದ ಅಪಾಯವಿದೆಯೆಂದು ಅಂಜುವವರು ನೆಮ್ಮದಿಯಾಗಿ ನಿದ್ರಿಸಬಹುದು. ಸ್ಪ್ಯಾನಿಷ್ ತಾನಾಗಿಯೇ ಬೇರುಬಿಡುವುದೆಂದು ಹಿಗ್ಗುವವರು ಮಾತ್ರ ಎಚ್ಚರಗೊಳ್ಳಬೇಕು.

ನಿಜವಾದ ನಷ್ಟವು ಎಲ್ಲಿರುವುದೆಂದರೆ, ದೇಶದ ಲೆಕ್ಕದಲ್ಲಿಯಲ್ಲ, ಮನೆಯ ಲೆಕ್ಕದಲ್ಲಿ. ಮೊದಲನೆಯ ತಲೆಮಾರಿನ ಮನೆಗಳಲ್ಲಿ ಹತ್ತು ಹನ್ನೆರಡು ವಯಸ್ಸಿನ ಮಕ್ಕಳು ತಾಯಿಯನ್ನು ವೈದ್ಯನ ಬಳಿಗೆ ಕರೆದುಕೊಂಡು ಹೋಗಿ ದುಭಾಷಿಗಳಾಗುವುದುಂಟು. ತಾಯಿಯ ರೋಗದ ಹೆಸರನ್ನು ತಾಯಿಗೆ ತಾನೇ ಹೇಳಬೇಕಾಗಿ ಬರುವ ಮಗುವಿನ ಮೇಲೆ ಅದೆಂಥ ಭಾರ! ಮೂರನೆಯ ತಲೆಮಾರಿನ ಮನೆಗಳಲ್ಲಿ ಕಷ್ಟವು ಬೇರೆ ಬಗೆಯದು. ಅಜ್ಜಿಯೂ ಮೊಮ್ಮಗಳೂ ಒಂದೇ ಮಂಚದ ಮೇಲೆ ಕುಳಿತು ಮುಗುಳುನಗುತ್ತಾರೆ, ಒಬ್ಬರ ಕೈಯನ್ನೊಬ್ಬರು ಹಿಡಿಯುತ್ತಾರೆ. ಆದರೆ ಅಜ್ಜಿಯ ಬಾಲ್ಯ, ಅವಳ ಊರು, ಅವಳು ಪಟ್ಟ ಪಾಡು, ಇವುಗಳಲ್ಲಿ ಒಂದನ್ನೂ ಮೊಮ್ಮಗಳು ಅವಳ ಬಾಯಿಂದ ಕೇಳಲಾರಳು.

ಇದು ತಪ್ಪಿಸಲಾರದ ವಿಧಿಯಲ್ಲ. ಮಯಾಮಿಯ ಕೋರಲ್ ವೇ ಎಂಬ ಪಾಠಶಾಲೆಯಲ್ಲಿ ೧೯೬೩ರಿಂದ, ಕ್ಯೂಬಾದ ಮಕ್ಕಳನ್ನೂ ಇಂಗ್ಲಿಷ್ ಮನೆಗಳ ಮಕ್ಕಳನ್ನೂ ಒಂದೆಡೆ ಸೇರಿಸಿ, ದಿನದ ಒಂದು ಭಾಗವನ್ನು ಒಂದು ನುಡಿಯಲ್ಲಿ, ಇನ್ನೊಂದು ಭಾಗವನ್ನು ಮತ್ತೊಂದು ನುಡಿಯಲ್ಲಿ ಕಲಿಸುತ್ತ ಬಂದರು. ಅಂಥ ಶಾಲೆಗಳು ಈಗ ಅನೇಕ ಸಂಸ್ಥಾನಗಳಲ್ಲಿವೆ. ಕ್ಯಾಲಿಫೋರ್ನಿಯವು ೨೦೧೧ರಲ್ಲಿ ಮಾಡಿದ ಕಾಯಿದೆಯಂತೆ, ಎರಡು ನುಡಿಗಳಲ್ಲಿ ಓದು ಬರಹ ಬಲ್ಲ ವಿದ್ಯಾರ್ಥಿಯ ಪ್ರಮಾಣಪತ್ರದ ಮೇಲೆ ಗೌರವಮುದ್ರೆಯನ್ನು ಒತ್ತುತ್ತಾರೆ. ಬಹುತೇಕ ಇತರ ಸಂಸ್ಥಾನಗಳೂ ಇದನ್ನು ಅನುಸರಿಸಿವೆ. ಹೀಗೆ ತಾಯಿಯ ನುಡಿಗೆ ಪಾಠಶಾಲೆಯಲ್ಲಿ ಮರ್ಯಾದೆ ಕಂಡ ಮಗುವಿಗೆ ಅದನ್ನು ಬಿಡಬೇಕೆಂದು ತೋರುವುದಿಲ್ಲ. ಆದರೆ ಪಾಠಶಾಲೆ ಸಹಾಯಕ ಮಾತ್ರ. ಅಳಿವಿನಂಚಿನ ನುಡಿಗಳನ್ನು ಕುರಿತು ಜೀವಮಾನವೆಲ್ಲ ಪರಿಶೀಲಿಸಿದ ಜೋಷುವ ಫಿಷ್‌ಮನ್ ಎಂಬ ಪಂಡಿತರು ೧೯೯೧ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಹೇಳಿದ ಮುಖ್ಯ ಸಿದ್ಧಾಂತವೂ ಇದೇ: ಹಿರಿಯರು ಮನೆಯಲ್ಲಿ ಮಕ್ಕಳಿಗೆ ದಾಟಿಸದ ನುಡಿಯನ್ನು ಪತ್ರ, ಫಲಕ, ಕಚೇರಿ, ಯಾವುದೂ ಉಳಿಸಲಾರದು.

ಅಮೆರಿಕದಲ್ಲಿ ನೆಲಸಿರುವ ಕನ್ನಡ ಕುಟುಂಬಗಳಿಗೆ ಈ ವಿಚಾರವು ಪರರ ಕಥೆಯಲ್ಲ. ಅವರು ಊರೂರಲ್ಲಿ ಕನ್ನಡ ಕೂಟಗಳನ್ನು ಕಟ್ಟಿಕೊಂಡಿರುವರು. "ಅಕ್ಕ" ಎಂಬ ಅವರ ಒಕ್ಕೂಟವು ೨೦೦೦ದಲ್ಲಿ ಹ್ಯೂಸ್ಟನ್ ನಗರದಲ್ಲಿ ದೊಡ್ಡ ಸಮ್ಮೇಳನವನ್ನು ನಡೆಯಿಸಿತು. ವಾರಕ್ಕೊಮ್ಮೆ ಮಕ್ಕಳಿಗೆ ಕನ್ನಡ ಕಲಿಸುವ ಶಾಲೆಗಳೂ ಇವೆ. ಇವೆಲ್ಲವೂ ಶ್ಲಾಘ್ಯ. ಆದರೆ ನಾಲ್ಕು ಕೋಟಿ ಜನರ ಬೆಂಬಲ, ಬೇಲಿಯಾಚೆಯ ತವರು, ಹಗಲಿರುಳು ನಡೆಯುವ ದೂರದರ್ಶನ ಇಷ್ಟೆಲ್ಲ ಇರುವ ಸ್ಪ್ಯಾನಿಷೇ ಮೂರನೆಯ ತಲೆಮಾರಿನಲ್ಲಿ ಸೋಲುತ್ತಿರುವಾಗ, ಕೈಬೆರಳೆಣಿಕೆಯ ಮನೆಗಳ ಕನ್ನಡವು ಹಬ್ಬಕ್ಕೊಂದು ಸಭೆಯಿಂದ ಉಳಿದೀತೆಂದು ನಂಬುವುದು ಹೇಗೆ? ಊರಿನಿಂದ ಆರು ತಿಂಗಳಿಗೆಂದು ಹೋದ ಅಜ್ಜಿಯು ಮೊಮ್ಮಗನಿಗೆ ಕಥೆ ಹೇಳಲು ಕುಳಿತಾಗ ಅವನು ತಾಯಿಯ ಮುಖವನ್ನು ನೋಡುವಂತಾದರೆ, ಆ ಮನೆಯಲ್ಲಿ ತೂಬು ತೆರೆದಿದೆಯೆಂದೇ ತಿಳಿಯಬೇಕು.

ಅಂಥ ಮನೆಗಳವರಿಗೆ ನಾವು ಹೇಳಬಹುದಾದುದು ಬಹಳ ಸಾಮಾನ್ಯವಾದುದು. ಚೊಚ್ಚಲ ಮಗುವು ಪಾಠಶಾಲೆಯಿಂದ ತಂದ ನುಡಿಯನ್ನು ಆದರಿಸಿರಿ. ಆದರೆ ಊಟದ ಹೊತ್ತಿನ ಮಾತನ್ನು, ಮಲಗುವ ಹೊತ್ತಿನ ಕಥೆಯನ್ನು ನಿಮ್ಮ ನುಡಿಗೇ ಮೀಸಲಾಗಿಡಿರಿ. ಮಗುವು ಇಂಗ್ಲಿಷಿನಲ್ಲಿ ಉತ್ತರಕೊಟ್ಟರೆ ಗದರಿಸಬೇಡಿರಿ, ನಿಮ್ಮ ನುಡಿಯಲ್ಲಿಯೇ ಮಾತನ್ನು ಮುಂದುವರಿಸಿರಿ. ಎಲ್ಲಕ್ಕಿಂತ ಮುಖ್ಯವಾಗಿ, ಅದು ತಪ್ಪು ಮಾತನಾಡಿದಾಗ ನೆಂಟರಿಷ್ಟರ ಮುಂದೆ ನಗಬೇಡಿರಿ. "ನೋ ಸಾಬೊ" ಎಂದ ಮಗುವು ತಪ್ಪಾಗಿಯಾದರೂ ಅಜ್ಜಿಯ ನುಡಿಯಲ್ಲಿಯೇ ಬಾಯಿಬಿಟ್ಟಿತ್ತು. ತಿದ್ದುವವರು ಮೃದುವಾಗಿದ್ದರೆ ಅದು ನಾಳೆ ಎರಡನೆಯ ಮಾತನ್ನೂ ಆಡುತ್ತದೆ.